ಹ್ಯಾಚರಿಯವರು ಕಳಪೆ ಮರಿ ಕೊಟ್ಟಿದ್ದಾರೆ, ಕಾಲೇ ಊರ್ತಿಲ್ಲ. ಏನ್ ಮಾಡ್ಲಿ?

ಅಡಿಕೆತೋಟ_ತುರುವೇಕೆರೆ
ಎಲ್ರಿಗೂ ನಮಸ್ಕಾರ. ತಲೆ ಕೆಟ್ಟು ಬರೀತಿದೀನಿ. ಗಿರಿರಾಜ ತಳಿ ಕೋಳಿ ಅಂತ ಹೇಳಿ ಒಂದು ಖಾಸಗಿ ಹ್ಯಾಚರಿಯವನು 50 ಮರಿ ಕೊಟ್ಟ. ಮರಿಗೆ 55 ರೂಪಾಯಿ. ತಂದ ದಿನ ಚೆನ್ನಾಗೇ ಇದ್ವು, ಶೆಡ್ ಕಿತ್ತು ಹೋಗೋ ಹಾಗೆ ಚೀಂಗುಡ್ತಿದ್ವು. ಈಗ 9 ಮರಿ ಕಾಲೂರ್ತಿಲ್ಲ. ಕೂತಲ್ಲೇ ಕೂತಿರ್ತವೆ, ನೀರು ಬೇಕಂದ್ರೆ ರೆಕ್ಕೆ ಬಡ್ಕೊಂಡು ತೆವಳ್ತವೆ. ಬಣ್ಣನೂ ಅಷ್ಟೇ, ಒಂದಕ್ಕೊಂದು ಸಂಬಂಧ ಇಲ್ಲ. ಒಂದು ಕೆಂಪು, ಒಂದು ಬೂದಿ, ಒಂದು ಚುಕ್ಕೆ. ಫೋನ್ ಮಾಡಿದ್ರೆ "ನಿಮ್ ಸಾಕಾಣಿಕೆ ಸರಿಯಿಲ್ಲ" ಅಂತಾನೆ. ವಿಟಮಿನ್ ಹನಿ ನೀರಿಗೆ ಹಾಕಿದ್ದೂ ಆಯ್ತು. ಇಂಥವ್ರನ್ನ ಸುಮ್ನೆ ಬಿಡಬಾರದು.

ಹುಂಜ_ಮಂಡ್ಯ
ಗುರು, ನಿಮಗೆ ಟೋಪಿ ಬಿದ್ದಿದೆ. ಅದು ಗಿರಿರಾಜ ಅಲ್ಲ, ಸೋನಾಲಿ. ಬಾಂಗ್ಲಾ ಕಡೆ ಹುಟ್ಟಿದ ಕ್ರಾಸು, ನೋಡೋಕೆ ಥೇಟ್ ನಾಟಿ ತರ ಇರುತ್ತೆ. ಈಗ ಎಲ್ಲಾ ಕಡೆ ಅದನ್ನೇ ನಾಟಿ, ಗಿರಿರಾಜ, ಬಾಯಿಗೆ ಬಂದ ಹೆಸರಲ್ಲಿ ಮಾರ್ತಾರೆ. ಕಾಲಿನ ಬಣ್ಣ ಕಾಣೋ ಹಾಗೆ ಒಂದು ಫೋಟೋ ಹಾಕಿ, ಹೇಳ್ತೀನಿ.

ಗದಗ_ಜವಾರಿ
ಅಣ್ಣಾರ, ಮರಿಗೆ ಎಷ್ಟ್ ದಿನ ಆತು? ಲಸಿಕಿ ಏನೇನ್ ಹಾಕ್ಸೀರಿ? ಅದನ್ನ ಬಿಟ್ಟು ಬಣ್ಣದ ಕತಿ ಹೇಳಿದ್ರ ನಾವರ ಏನ್ ಹೇಳೂಣು? ಒಂದ್ ಕಾಲ್ ಮುಂದ, ಒಂದ್ ಕಾಲ್ ಹಿಂದ ಚಾಚಿ ಮಲಗಿದ್ರ ಅದು ಮ್ಯಾರೆಕ್ಸ್ ಅನ್ನೂ ವೈರಸ್ ರೋಗ. ಅದರ ಲಸಿಕಿ ಹುಟ್ಟಿದ ದಿನಾನ ಹ್ಯಾಚರಿಯೊಳಗ ಕುತ್ತಿಗಿ ಚರ್ಮದಾಗ ಚುಚ್ಚತಾರ. ಬಿಲ್ಲಿನ್ಯಾಗ ಬರದಾರೇನು ನೋಡ್ರಿ. ಬಂತಂದ್ರ ಅದಕ್ಕ ಔಷಧ ಇಲ್ಲ.

ಅಡಿಕೆತೋಟ_ತುರುವೇಕೆರೆ
ಬಿಲ್ಲೆಲ್ಲಿ ಸಾರ್, ಬಿಳಿ ಚೀಟಿ ಮೇಲೆ 2750 ಅಂತ ಗೀಚಿ ಕೊಟ್ಟ. "ಎಲ್ಲಾ ವ್ಯಾಕ್ಸಿನ್ ಆಗೈತೆ" ಅಂದ. ಇವತ್ತಿಗೆ 24 ದಿನ. 7ನೇ ದಿನ ಕೊಕ್ಕರೆ ರೋಗದ ಲಸಿಕೆ ಹನಿ ನಾನೇ ಕಣ್ಣಿಗೆ ಬಿಟ್ಟೆ, 14ಕ್ಕೆ ಗಂಬೋರೋ ರೋಗದ್ದು. ಅದರಲ್ಲಿ ತಪ್ಪು ಹುಡುಕಬೇಡಿ.

ಹುಂಜ_ಮಂಡ್ಯ
ಬಿಲ್ ಕೊಟ್ಟಿಲ್ಲ ಅಂದ್ಮೇಲೆ ಡೂಪ್ಲಿಕೇಟೇ. ನಾನು ಹೇಳ್ಲಿಲ್ವಾ. ಕಾಲಿನ ಫೋಟೋ?

ಗದಗ_ಜವಾರಿ
ಡೂಪ್ಲಿಕೇಟ್ ಆದ್ರ ಕಾಲ್ ಯಾಕ ಬೀಳ್ತಾವೋ ಮಾರಾಯ? ಸೋನಾಲಿಗೆ ಕಾಲಿರಂಗಿಲ್ಲೇನು? ನಾ ಹೇಳೂದು ಮ್ಯಾರೆಕ್ಸ್ ಅಂತ. ನಮ್ಮ ಓಣ್ಯಾಗ ಹೋದ ವರ್ಷ 40 ಕೋಳಿ ಹಿಂಗ ಹೋದವು.

ಪುತ್ತೂರು_ಅಕ್ಕ
24 ದಿನಕ್ಕೆ ಮ್ಯಾರೆಕ್ಸ್ ಅಪರೂಪ ಮಾರಾಯ್ರೆ. ಹೆಚ್ಚಾಗಿ ಮೂರ್ನಾಲ್ಕು ತಿಂಗಳು ಆದ ಮೇಲೆ ಕಾಣುವುದು. ನಿಮ್ಮ ಓಣಿಯ ಕೋಳಿಗೆ ಪ್ರಾಯ ಎಷ್ಟಿತ್ತು?

ಗದಗ_ಜವಾರಿ
ಐದು ತಿಂಗಳು. ಅದಕ್ಕೇನಾತು?

ಹೆಸರಘಟ್ಟ_ಹವ್ಯಾಸಿ
ಬಣ್ಣದ ವಿಷಯ ಮಾತ್ರ ಹೇಳ್ತೀನಿ. ಗಿರಿರಾಜ ಹೆಬ್ಬಾಳದಲ್ಲಿ ತಯಾರಾದ ಮಿಶ್ರತಳಿ. ಅದರಲ್ಲಿ ಬಣ್ಣ ನಾನಾ ತರ ಬರೋದು ಸಹಜ, ಒಂದೇ ಬಣ್ಣ ಇರಬೇಕು ಅಂತ ಯಾರೂ ಹೇಳಿಲ್ಲ. ಬಣ್ಣ ಹಿಡ್ಕೊಂಡು ಹ್ಯಾಚರಿ ಮೇಲೆ ಜಗಳಕ್ಕೆ ಹೋದ್ರೆ ನೀವೇ ಬಾಯಿ ಮುಚ್ಕೊಂಡು ಬರಬೇಕಾಗುತ್ತೆ. ತಳಿ ಬಗ್ಗೆ ಅನುಮಾನ ಇರೋರು ಸರ್ಕಾರಿ ಕಡೆ ತಗೊಳ್ಳಿ. ನಾನಂತೂ ಅಲ್ಲೇ ತಗೊಳ್ಳೋದು, ಸರದಿ ಕಾಯಬೇಕು ಅಷ್ಟೇ.

ಹುಂಜ_ಮಂಡ್ಯ
ಸರ್ಕಾರಿ ಮರಿ ತಂದವರೆಲ್ಲ ಹಿಂಗೇ ಉಪದೇಶ ಮಾಡೋದು. ಕಾಲಿನ ಫೋಟೋ ಹಾಕಿ ಗುರು, ಎಷ್ಟು ಸಲ ಕೇಳೋದು.

ಅಡಿಕೆತೋಟ_ತುರುವೇಕೆರೆ
ತಗೊಳ್ಳಿ. ಹೆಂಡತಿ ಕೈಲಿ ಹಿಡಿಸಿ ತೆಗ್ದೆ, ಸ್ವಲ್ಪ ಅಲ್ಲಾಡಿದೆ.
[2 ಫೋಟೋ]

ಹುಂಜ_ಮಂಡ್ಯ
ಬಲ್ಬಿನ ಬೆಳಕಲ್ಲಿ ಬಣ್ಣ ಗೊತ್ತಾಗ್ತಿಲ್ಲ. ಹಗಲಲ್ಲಿ ತೆಗೀರಿ.

ಪುತ್ತೂರು_ಅಕ್ಕ
ಬಣ್ಣ ಬಿಡಿ, ಬೆರಳು ನೋಡಿ! ಎರಡನೇ ಫೋಟೋ ದೊಡ್ಡದು ಮಾಡಿ. ಎರಡೂ ಕಾಲಿನ ಬೆರಳು ಮುಷ್ಟಿ ಕಟ್ಟಿದ ಹಾಗೆ ಒಳಗೆ ಮಡಚಿದೆ. ಪಾದ ಊರದೆ ಹಿಂದಿನ ಗಂಟಿನ ಮೇಲೆ ಕೂತಿದೆ ಅದು. ಕಣ್ಣು ನೋಡಿದರೆ ಚುರುಕೇ ಉಂಟು. ಕಾಯಿಲೆ ಬಿದ್ದ ಮರಿಯ ಕಣ್ಣಲ್ಲ. ತಮ್ಮಾ, ಇವಕ್ಕೆ ತಿನ್ನಲಿಕ್ಕೆ ಏನು ಹಾಕುವುದು?

ಅಡಿಕೆತೋಟ_ತುರುವೇಕೆರೆ
ಊಟದಲ್ಲಿ ಏನೂ ತೊಂದರೆ ಇಲ್ಲ ಅಕ್ಕ, ಚೆನ್ನಾಗಿ ತಿಂತವೆ. ಮೊದಲ ವಾರ ಅವ್ನೇ ಕೊಟ್ಟ ಸ್ಟಾರ್ಟರ್ ಅನ್ನೋ ಮರಿ ಫೀಡ್ 5 ಕೆಜಿ. ಅದು ಮುಗಿದ ಮೇಲೆ ಕಂಪನಿ ಫೀಡ್ ಬೇಡ, ಮನೆ ತಿನ್ನೋಕೆ ತಾನೇ ಸಾಕೋದು ಅಂತ ಶುದ್ಧವಾಗಿ ನುಚ್ಚಕ್ಕಿ, ರಾಗಿ, ಸ್ವಲ್ಪ ಜೋಳದ ತರಿ. ಇದಕ್ಕಿಂತ ಒಳ್ಳೆ ಆಹಾರ ಇದೆಯಾ?

ಪುತ್ತೂರು_ಅಕ್ಕ
ಅಯ್ಯೋ ದೇವರೇ. ಇದನ್ನು ಮೊದಲೇ ಹೇಳುವುದಲ್ಲವಾ?

ಇದು ಬಿ2 ಕೊರತೆ, ರೈಬೋಫ್ಲೇವಿನ್ ಅಂತ ಹೇಳ್ತಾರೆ. ಅಕ್ಕಿ, ರಾಗಿ, ಜೋಳ ಎಲ್ಲದರಲ್ಲಿಯೂ ಅದು ಕಡಿಮೆ. ಕಾಲಿನ ನರ ಊದಿಕೊಂಡು ಬೆರಳು ಒಳಗೆ ಮಡಚುತ್ತದೆ. ಮರಿ ತಿನ್ನುತ್ತದೆ, ಆದರೆ ನಡೆಯುವುದಿಲ್ಲ. ಗಿರಿರಾಜದ ಹಾಗೆ ಬೇಗ ಬೆಳೆಯುವ ಮರಿಗೆ ಇನ್ನೂ ಬೇಗ ತೋರುವುದು. ಮ್ಯಾರೆಕ್ಸಿನಲ್ಲಿ ಸಾಧಾರಣ ಒಂದು ಬದಿಯ ನರ ಊದುವುದು, ಇದರಲ್ಲಿ ಎರಡೂ ಬದಿ.

ನೀವು ಹಾಕಿದ ವಿಟಮಿನ್ ಬಾಟಲಿಯ ಹಿಂದೆ ಏನು ಬರೆದಿದೆ ಓದಿ ನೋಡಿ.

ಅಡಿಕೆತೋಟ_ತುರುವೇಕೆರೆ
ಎ, ಡಿ3, ಇ, ಬಿ12.

ಪುತ್ತೂರು_ಅಕ್ಕ
ಬಿ12 ಬೇರೆ, ಬಿ2 ಬೇರೆ. ಬಿ ಕಾಂಪ್ಲೆಕ್ಸ್ ಇರುವ ಕೋಳಿ ಟಾನಿಕ್ ತನ್ನಿ. ತೆವಳುವ ಒಂಬತ್ತನ್ನು ಬೇರೆ ಬುಟ್ಟಿಯಲ್ಲಿಡಿ, ಉಳಿದವು ತುಳಿದುಹಾಕ್ತವೆ. ನೀರಿನ ಡಬ್ಬ ಅವುಗಳ ಕೊಕ್ಕಿಗೆ ಸಿಗುವ ಹಾಗಿರಲಿ, ಬಿಸಿಲಲ್ಲಿ ಬೇಡ, ಬೆಳಕಿಗೆ ಬಿ2 ಹಾಳಾಗುತ್ತದೆ. ಐವತ್ತಕ್ಕೂ ಇವತ್ತೇ ಸ್ಟಾರ್ಟರ್ ಶುರು ಮಾಡಿ. ಡೋಸ್ ವೆಟರ್ನರಿ ಡಾಕ್ಟ್ರನ್ನೇ ಕೇಳಿ, ಒಂದು ಮರಿಯನ್ನು ತೆಗೆದುಕೊಂಡೇ ಹೋಗಿ. ತುಂಬ ದಿನದಿಂದ ಮಡಚಿದ ಬೆರಳು ನೆಟ್ಟಗಾಗುವುದು ಕಷ್ಟ.

ಗದಗ_ಜವಾರಿ
ಅಕ್ಕಾರ, ಹಂಗಾರ ನಮ್ಮ ಅಜ್ಜಿ ಯಾವ ಸ್ಟಾರ್ಟರ್ ಹಾಕಿದ್ಲು? ನುಚ್ಚು ತಿಂದ ಬೆಳದಾವ ನಮ್ಮ ಜವಾರಿ ಕೋಳಿ.

ಪುತ್ತೂರು_ಅಕ್ಕ
ನಿಮ್ಮ ಅಜ್ಜಿ ನುಚ್ಚು ಹಾಕಿದ್ದು ಕೋಳಿ ಮನೆ ಹತ್ತಿರ ಬರಲಿ ಅಂತ. ಹೊಟ್ಟೆ ತುಂಬಿದ್ದು ಗೊಬ್ಬರದ ಗುಂಡಿಯಲ್ಲಿ. ತಾಯಿ ಹಿಂದೆ ಓಡಿ ಗೆದ್ದಲು, ಹುಳ, ಹಸಿ ಸೊಪ್ಪು ಹೆಕ್ಕಿ ತಿಂದ ಮರಿ ಅದು. ಇವರದ್ದು ಶೆಡ್ಡಿನೊಳಗೆ ಬಲ್ಬಿನ ಕೆಳಗೆ ಉಂಟಲ್ಲ, ಅವಕ್ಕೆ ಗೆದ್ದಲು ಯಾರು ತಂದುಕೊಡುವುದು?

ಹೆಸರಘಟ್ಟ_ಹವ್ಯಾಸಿ
ಗೆದ್ದಲು ಅಂದ್ರಲ್ಲ, ಮಡಕೆಗೆ ಒಣಹುಲ್ಲು, ಸಗಣಿ ತುಂಬಿ ನೀರು ಚಿಮುಕಿಸಿ ರಾತ್ರಿ ಹುತ್ತದ ಹತ್ರ ಬೋರಲು ಹಾಕಿ. ಬೆಳಗ್ಗೆ ಎತ್ತಿದ್ರೆ ಅರ್ಧ ಮಡಕೆ ಗೆದ್ದಲು.

ಶಿರಸಿ_ಇನ್ಕ್ಯುಬೇಟರ್
ಈ ತಲೆನೋವೆಲ್ಲ ಯಾಕೆ ಮಾರಾಯರೆ, ಮರಿ ಮನೆಯಲ್ಲೇ ಮಾಡಿಕೊಳ್ಳಿ. ಹಳೆ ಫ್ರಿಜ್ಜಿನಲ್ಲಿ ನಾನೇ ಮಾಡಿದ್ದು: 2 ಬಲ್ಬು, ಕಂಪ್ಯೂಟರಿನ ಒಂದು ಫ್ಯಾನು, ಥರ್ಮೋಸ್ಟಾಟು. 37.5 ಡಿಗ್ರಿಗೆ ಕದಲುವುದಿಲ್ಲ. 21 ದಿನಕ್ಕೆ 60 ಮೊಟ್ಟೆಯಲ್ಲಿ 51 ಮರಿ. ಕರೆಂಟು ಹೋದರೆ ಇನ್ವರ್ಟರ್. ಫೋಟೋ ಬೇಕಾದವರು ಹೇಳಿ.

ಹುಂಜ_ಮಂಡ್ಯ
ಫೋಟೋ ಹಾಕಿ. ಮೊಟ್ಟೆ ತಿರುಗಿಸೋಕೆ ಮೋಟಾರ್ ಇದೆಯಾ, ಕೈಯಲ್ಲಾ?

ಹೆಸರಘಟ್ಟ_ಹವ್ಯಾಸಿ
ಗಿರಿರಾಜ ಮೊಟ್ಟೆಯನ್ನ ಮನೇಲಿ ಮರಿ ಮಾಡಿದ್ರೆ ಮುಂದಿನ ಪೀಳಿಗೆ ಅದೇ ಗುಣದ್ದು ಬರಲ್ಲ ಅನ್ನೋದನ್ನೂ ಹೇಳಿ ಸಾರ್.

ಶಿರಸಿ_ಇನ್ಕ್ಯುಬೇಟರ್
ನಾನು ಗಿರಿರಾಜ ಎಂದೆನೇ? ನನ್ನದು ಊರಕೋಳಿ. ಮೋಟಾರ್ ಇದೆ, ಹಳೇ ಮೈಕ್ರೋವೇವ್ ತಟ್ಟೆದು.

ಅಡಿಕೆತೋಟ_ತುರುವೇಕೆರೆ
ಫ್ರಿಜ್ ಕತೆ ಆಮೇಲೆ ಹೇಳಿ. ಅಕ್ಕ, ಹಂಗಾದ್ರೆ ಹ್ಯಾಚರಿಯವನ ತಪ್ಪೇ ಇಲ್ವಾ?

ಪುತ್ತೂರು_ಅಕ್ಕ
ಈ ಕಾಲಿನ ವಿಷಯಕ್ಕೆ ಇಲ್ಲ. ತಂದ ಎರಡು ಮೂರು ದಿನದೊಳಗೆ ಬೆರಳು ಮಡಚಿದ್ದರೆ ತಾಯಿ ಕೋಳಿಗೇ ಸರಿಯಾದ ಆಹಾರ ಇರಲಿಲ್ಲ ಅಂತ ಕೇಳಬಹುದಿತ್ತು. ನಿಮ್ಮದು ನುಚ್ಚು ಶುರುವಾದ ಮೇಲೆ ಬಂದದ್ದಲ್ಲವಾ? ಬಿಲ್ಲು, ಲಸಿಕೆಯ ವಿವರ ಕೊಡದ್ದು ಅವನದ್ದೇ ತಪ್ಪು. ಮುಂದಿನ ಸಲ ಅಲ್ಲಿಯೇ ನಾಲ್ಕು ಮರಿಯನ್ನು ಅಂಗಾತ ಮಲಗಿಸಿ ನೋಡಿ, ಗಟ್ಟಿ ಮರಿಯಾದರೆ ತಟ್ಟನೆ ಎದ್ದು ನಿಲ್ಲುತ್ತದೆ. ಹೊಕ್ಕುಳು ಒಣಗಿ ಮುಚ್ಚಿರಬೇಕು. ಹಸಿ ಉಂಟೆಂದರೆ ಬಿಟ್ಟು ಬನ್ನಿ.

ಅಡಿಕೆತೋಟ_ತುರುವೇಕೆರೆ
12 ದಿನ ಆಯ್ತು, ಹೇಳಿ ಹೋಗೋಣ ಅಂತ ಬಂದೆ. ಡಾಕ್ಟ್ರು ಬೆರಳು ನೋಡಿ ಅಕ್ಕ ಹೇಳಿದ್ದನ್ನೇ ಹೇಳಿದ್ರು. ಒಂಬತ್ತರಲ್ಲಿ 5 ಎದ್ದು ಓಡಾಡ್ತಿವೆ. 2 ಸತ್ತೋದ್ವು, ಅದರಲ್ಲಿ ಒಂದನ್ನ ರಾತ್ರಿ ಹೆಗ್ಗಣ ಕಚ್ಚಿತ್ತು. ಇನ್ನೆರಡಕ್ಕೆ ಬೆರಳು ಹಂಗೇ ಇದೆ, ಕುಂಟ್ಕೊಂಡೇ ಮೇವಿನ ತಟ್ಟೆಗೆ ಎಲ್ರಿಗಿಂತ ಮೊದಲು ಬರ್ತವೆ. ಉಳಿದವಕ್ಕೆ ಏನೂ ಆಗಿಲ್ಲ. ಹೆಂಡತಿ ಮಾತ್ರ "ನುಚ್ಚಕ್ಕಿ ಬೇಡ ಅಂತ ನಾನು ಅವತ್ತೇ ಹೇಳಿದ್ದೆ" ಅಂತಾಳೆ, ಯಾವತ್ತು ಹೇಳಿದ್ಲೋ.

ಇನ್ನೊಂದು ಪ್ರಶ್ನೆ. ಈಗ ಜುಟ್ಟು ಕೆಂಪಾಗ್ತಿದೆ, ಎಣಿಸಿದ್ರೆ 48ರಲ್ಲಿ 31 ಹುಂಜ. ಇದಾದ್ರೂ ಹ್ಯಾಚರಿಯವನ ತಪ್ಪು ತಾನೇ?

ಗದಗ_ಜವಾರಿ
ಹೆಣ್ಣು ಗಂಡು ಬ್ಯಾರೆ ಮಾಡದ ಮರಿ ತಗೊಂಡ್ರ ಅರ್ಧಕ್ಕರ್ಧ ಲೆಕ್ಕ. 31 ಅಂದ್ರ ನಿಮ್ಮ ನಸೀಬ ನೋಡ್ರಿ. ಜಾತ್ರಿ ಹತ್ರ ಬಂತು, ಹುಂಜಕ್ಕ ಒಳ್ಳೆ ರೇಟ್ ಐತಿ, ಅಳಬ್ಯಾಡ್ರಿ.

ಹುಂಜ_ಮಂಡ್ಯ
ಹಗಲಿನ ಫೋಟೋ ಇನ್ನೂ ಬಂದಿಲ್ಲ.