ಕಮಿಟ್ ಮೆಸೇಜಿನಲ್ಲಿ ‘ಬಗ್ ಫಿಕ್ಸ್’ ಅಂತ ಬರೆದರೆ ತಪ್ಪೇನು?

ಪ್ರಶ್ನೆ: ಮೇಡಂ, ನಾನು ಕೆಲಸಕ್ಕೆ ಸೇರಿ ಐದು ತಿಂಗಳು. ಏಳು ಜನ ಒಂದೇ ರೆಪೊದಲ್ಲಿ, ಅಂದರೆ ಗಿಟ್ ಅನ್ನುವ ಟೂಲ್ ಬದಲಾವಣೆಗಳ ದಾಖಲೆ ಇಡುವ ಒಂದೇ ಸಂಗ್ರಹದಲ್ಲಿ, ಕೋಡ್ ಬರೆಯುತ್ತೇವೆ. ನಿನ್ನೆ ನಮ್ಮ ಸೀನಿಯರ್ ಕೋಡ್ ಬಗ್ಗೆ ಒಂದು ಮಾತೂ ಆಡದೆ, ‘ಮೆಸೇಜ್ ಸರಿಯಾಗಿ ಬರಿ’ ಅಂತ ವಾಪಸ್ ಕಳಿಸಿದರು. ಬದಲಾವಣೆಯನ್ನು ಕಮಿಟ್ ಮಾಡುವಾಗ, ಅಂದರೆ ದಾಖಲಿಸುವಾಗ, ಜೊತೆಗೆ ಬರೆಯುವ ಆ ಟಿಪ್ಪಣಿಯಲ್ಲಿ ನಾನು ಬರೆದದ್ದು ‘ಬಗ್ ಫಿಕ್ಸ್’. ಏನು ಬದಲಾಯಿತು ಅನ್ನುವುದು ಹಳೇ-ಹೊಸ ಸಾಲುಗಳನ್ನು ಹೋಲಿಸಿ ತೋರಿಸುವ ಡಿಫ್‌ನಲ್ಲೇ ಕಾಣುತ್ತದಲ್ಲ, ಇನ್ನೇನು ಬರೆಯಬೇಕು?

ಉತ್ತರ: ಏನು ಬದಲಾಯಿತು ಅನ್ನುವುದು ಡಿಫ್‌ನಲ್ಲಿದೆ, ನಿಜ. ಯಾಕೆ ಬದಲಾಯಿಸಿದಿರಿ ಅನ್ನುವುದು ಎಲ್ಲಿದೆ? ನಿಮ್ಮ ತಲೆಯಲ್ಲಿ. ಅದೂ ಇನ್ನು ಎರಡು ವಾರ ಮಾತ್ರ.

ನನ್ನದೇ ಎಡವಟ್ಟು ಹೇಳುತ್ತೇನೆ. ಕನ್ನಡ ಲೇಖನ ತೋರಿಸುವ ಒಂದು ಆ್ಯಪ್. ‘ಸಾಫ್ಟ್‌ವೇರ್’ ಅಂತ ಹುಡುಕಿದರೆ ಅರ್ಧ ಲೇಖನ ಸಿಗುತ್ತಿರಲಿಲ್ಲ. ‘ಟ್’ಗೆ ‘ವ’ ಒತ್ತಾಗಿ ಅಂಟಿಕೊಳ್ಳದಿರಲಿ ಅಂತ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ, ಜೀರೊ ವಿಡ್ತ್ ನಾನ್ ಜಾಯಿನರ್ ಅಂತ. ಕೆಲವರು ಅದನ್ನು ಹಾಕಿ ಟೈಪ್ ಮಾಡುತ್ತಾರೆ, ಕೆಲವರು ಹಾಕುವುದಿಲ್ಲ. ನಾನು ಸರ್ಚ್ ಇಂಡೆಕ್ಸ್‌ನಲ್ಲಿ (ಹುಡುಕಾಟಕ್ಕೆಂದೇ ಇಟ್ಟ ಪದಗಳ ಪಟ್ಟಿ) ಮಾತ್ರ ಅದನ್ನು ತೆಗೆದು, ತೋರಿಸುವ ಪಠ್ಯದಲ್ಲಿ ಬೇಕೆಂದೇ ಉಳಿಸಿದೆ. ಮೆಸೇಜ್? ‘ಸರ್ಚ್ ಫಿಕ್ಸ್’. ವರ್ಷ ಕಳೆದ ಮೇಲೆ ಹೊಸಬರೊಬ್ಬರು ಎರಡು ಕಡೆ ಬೇರೆ ಬೇರೆ ಯಾಕಿದೆ ಅಂತ ಪ್ರತಿ ಸಾಲನ್ನು ಕೊನೆಗೆ ಬದಲಾಯಿಸಿದ ಕಮಿಟ್ ತೋರಿಸುವ ಗಿಟ್ ಬ್ಲೇಮ್ ಹಾಕಿ ನೋಡಿದರು, ನನ್ನ ಆ ಎರಡು ಪದ ಬಿಟ್ಟು ಏನೂ ಸಿಗಲಿಲ್ಲ, ಪಾಪ, ಎರಡನ್ನೂ ಒಂದೇ ಮಾಡಿಬಿಟ್ಟರು. ಮಾರನೇ ದಿನ ತಲೆಬರಹಗಳಲ್ಲೆಲ್ಲ ‘ಸಾಫ್ಟ್ವೇರ್’! ಬೈಸಿಕೊಂಡದ್ದು ಅವರು, ತಪ್ಪು ನನ್ನದು.

ಹೀಗೆ ಬರೆಯಬೇಕಿತ್ತು:

ಸರ್ಚ್ ಇಂಡೆಕ್ಸ್‌ನಿಂದ ನಾನ್ ಜಾಯಿನರ್ ತೆಗೆ

ಒಂದೇ ಪದ ಎರಡು ರೀತಿ ಟೈಪ್ ಆಗಿರುವುದರಿಂದ ಹುಡುಕಿದರೆ ಸಿಗುತ್ತಿಲ್ಲ. ತೋರಿಸುವ ಪಠ್ಯದಿಂದ ತೆಗೆಯಬೇಡಿ, ಒತ್ತಕ್ಷರ ಕೂಡಿಕೊಳ್ಳುತ್ತದೆ.

ಮೊದಲ ಸಾಲು 50 ಅಕ್ಷರದ ಆಸುಪಾಸು ಇರಲಿ. ಆಮೇಲೆ ಒಂದು ಖಾಲಿ ಸಾಲು. ಅದನ್ನು ಮರೆತರೆ ಗಿಟ್ ಇಡೀ ಪ್ಯಾರಾವನ್ನೇ ಶೀರ್ಷಿಕೆ ಅಂದುಕೊಳ್ಳುತ್ತದೆ. ವಿವರದ ಸಾಲುಗಳನ್ನು 72 ಅಕ್ಷರಕ್ಕೆ ಮುರಿಯುವುದು ರೂಢಿ. ‘ತೆಗೆದೆ’ ಅನ್ನುವ ಬದಲು ‘ತೆಗೆ’ ಅಂತ ಆಜ್ಞೆಯ ಧಾಟಿ ಯಾಕೆ ಅಂದರೆ, ಗಿಟ್ ತಾನೇ ಬರೆಯುವ ‘ಮರ್ಜ್’ (ಸೇರಿಸು), ‘ರಿವರ್ಟ್’ (ಹಿಂದಿನಂತೆ ಮಾಡು) ಮೆಸೇಜುಗಳೂ ಹಾಗೇ ಇರುತ್ತವೆ. ಈ ವ್ಯಾಕರಣಕ್ಕಾಗಿ ಜಾಸ್ತಿ ಜಗಳ ಬೇಡ, ಟೀಮಿನಲ್ಲಿ ಎಲ್ಲರೂ ಒಂದೇ ಥರ ಬರೆದರೆ ಆಯಿತು.

ಪ್ರಶ್ನೆ: ಸ್ಪೆಲಿಂಗ್ ತಿದ್ದಿದರೂ ಇಷ್ಟು ಬರೆಯಬೇಕಾ? ಮತ್ತೆ ನನ್ನ ಕಮಿಟ್‌ನಲ್ಲಿ ಮೂರು ಕೆಲಸ ಇತ್ತು, ಒಂದು ಸಾಲಿನಲ್ಲಿ ಹಿಡಿಸುತ್ತಿಲ್ಲ.

ಉತ್ತರ: ಸ್ಪೆಲಿಂಗ್‌ಗೆ ಒಂದು ಸಾಲು ಸಾಕು. ಮೂರು ಕೆಲಸ ಇದ್ದರೆ ಮೂರು ಕಮಿಟ್ ಮಾಡಿ. ಗಿಟ್ ಆ್ಯಡ್‌ಗೆ ‘ಪ್ಯಾಚ್’ ಆಯ್ಕೆ ಕೊಟ್ಟರೆ ತುಂಡು ತುಂಡಾಗಿ ತೋರಿಸಿ, ಇದು ಬೇಕಾ ಬೇಡವಾ ಅಂತ ಕೇಳುತ್ತದೆ. ಮುಂದೆ ಏನಾದರೂ ಕೆಟ್ಟರೆ ಪ್ರತಿ ಸಲ ಅರ್ಧಕ್ಕೆ ಇಳಿಸುತ್ತಾ ಹುಡುಕುವ ಗಿಟ್ ಬೈಸೆಕ್ಟ್ ಸಾವಿರ ಕಮಿಟ್‌ಗಳ ನಡುವೆಯೂ ಸುಮಾರು 10 ಸಲ ಪರೀಕ್ಷಿಸುವುದರೊಳಗೆ ಕೆಡಿಸಿದ ಕಮಿಟ್ ತೋರಿಸುತ್ತದೆ. ಅಷ್ಟು ಮಾಡಿ ಸಿಕ್ಕಿದ ಕಮಿಟ್‌ನಲ್ಲಿ ಮೂರು ಕೆಲಸ ತುರುಕಿದ್ದರೆ ಮತ್ತೆ ತಲೆ ಕೆರೆದುಕೊಳ್ಳಬೇಕು ಅಲ್ವಾ?

ಇನ್ನೊಬ್ಬರ ಪ್ರಶ್ನೆ: ನಾವು ಸುಮ್ನೆ ಟಿಕೆಟ್ ನಂಬರ್, ಅಂದರೆ ಆ ಕೆಲಸ ಅಥವಾ ದೂರನ್ನು ದಾಖಲಿಸಿದ ಸಂಖ್ಯೆ, ಹಾಕುತ್ತೇವೆ. ಸಾಲದಾ?

ಉತ್ತರ: ನಂಬರ್ ಹಾಕಿ, ಆದರೆ ಅದೊಂದೇ ಬೇಡ. ಟಿಕೆಟ್ ಟೂಲ್ ಬದಲಾದ ದಿನ ಹಳೇ ನಂಬರ್ ತೆಗೆದುಕೊಂಡು ಏನು ಮಾಡುತ್ತೀರಿ? ಮೆಸೇಜ್ ಆದರೆ ಕೋಡ್ ಜೊತೆಗೇ ಕ್ಲೋನ್ ಆಗಿ, ಅಂದರೆ ನಕಲಾಗಿ, ಬರುತ್ತದೆ. 2005ರಲ್ಲಿ ಗಿಟ್ ಹುಟ್ಟಿದ್ದೇ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗಾಗಿ. ಅಲ್ಲಿ ಮೊದಲು ತೊಂದರೆ ಏನೆಂದು ವಿವರಿಸಬೇಕು. ಹಳೇ ಕಮಿಟ್‌ನ ತಪ್ಪು ತಿದ್ದುವುದಾದರೆ ‘ಫಿಕ್ಸಸ್’ ಅಂತ ಬರೆದು, ಅದರ ಹ್ಯಾಶ್‌ನ (ಪ್ರತಿ ಕಮಿಟ್‌ಗೆ ಗಿಟ್ ಕೊಡುವ ಗುರುತಿನ ಸಂಕೇತ) ಮೊದಲ 12 ಅಕ್ಷರದ ಜೊತೆ ಶೀರ್ಷಿಕೆಯನ್ನೂ ಕೊಡುತ್ತಾರೆ.

ಪ್ರಶ್ನೆ: ನಿನ್ನೆಯದನ್ನು ಈಗ ತಿದ್ದಬಹುದಾ ಮೇಡಂ?

ಉತ್ತರ: ಅದೇ ಕೊನೆಯ ಕಮಿಟ್ ಆಗಿದ್ದು, ನಿಮ್ಮೊಬ್ಬರದೇ ಬ್ರಾಂಚ್‌ನಲ್ಲಿ (ಕೋಡ್‌ನ ಪ್ರತ್ಯೇಕ ಕವಲು) ಇದ್ದರೆ ‘ಅಮೆಂಡ್’ ಮಾಡಿ, ಅಂದರೆ ಆ ಕಮಿಟ್ ಅನ್ನೇ ತಿದ್ದಿ. ಹ್ಯಾಶ್ ಬದಲಾಗುವುದರಿಂದ ಫೋರ್ಸ್ ಪುಶ್ (ಸರ್ವರ್‌ನಲ್ಲಿರುವ ಹಳೆಯದರ ಮೇಲೆ ಬಲವಂತವಾಗಿ ಕಳಿಸುವುದು) ಬೇಕಾಗುತ್ತದೆ. ಎಲ್ಲರೂ ಬಳಸುವ ಮುಖ್ಯ ಬ್ರಾಂಚ್ ಆದ ಮೇನ್‌ಗೆ ಸೇರಿಹೋಗಿದ್ದರೆ ಮುಟ್ಟಬೇಡಿ, ಉಳಿದ ಆರು ಜನ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.