ಹಳೇ ಮಹಾಗನಿ ಸ್ಪೀಡ್‌ಬೋಟ್: ಗುರುತಿಸೋದು, ರಿಪೇರಿ

ಪ್ರಶ್ನೆ: ಅಮೆರಿಕದ ಮಿಷಿಗನ್‌ನಲ್ಲಿ ಸಿಕ್ಕ 17 ಅಡಿ ಬೋಟು. ಕ್ರಿಸ್-ಕ್ರಾಫ್ಟ್ ಕಂಪನಿ ಮಾಡಿದ್ದು ಅಂತಾರೆ, ಖಚಿತಪಡಿಸೋದು ಹೇಗೆ? ತಳಕ್ಕೆ ಫೈಬರ್‌ಗ್ಲಾಸ್ ಹೊದಿಸಿದರೆ ಸಾಕಾ?

ಉತ್ತರ 1: ಎಂಜಿನ್ ಮುಚ್ಚಳದ ಒಳಮೈ ನೋಡಿ ಸಾರ್, ಹಲ್ (ಬೋಟಿನ ಒಡಲು) ನಂಬರ್ ಮರಕ್ಕೇ ಒತ್ತಿರುತ್ತೆ. ಎಂಜಿನ್ ನಂಬರ್ ನೆಚ್ಚಬೇಡಿ, ಎಂಜಿನ್ನೇ ಬದಲಾಗಿರಬಹುದು. ವರ್ಜೀನಿಯಾದ ಮ್ಯಾರಿನರ್ಸ್ ಮ್ಯೂಸಿಯಂನಲ್ಲಿ ಕಂಪನಿಯ ಹಲ್ ಕಾರ್ಡ್‌ಗಳಿವೆ, ಅಂದ್ರೆ ಒಂದೊಂದು ಬೋಟಿನ ದಾಖಲೆ; ನಂಬರ್ ತಾಳೆ ನೋಡಬಹುದು.

ಉತ್ತರ 2: ಫೈಬರ್‌ಗ್ಲಾಸ್ ಬೇಡವೇ ಬೇಡ. ಹಲಗೆ ನೀರು ಕುಡಿದು ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ. ಹೊದಿಕೆ ಬಿಟ್ಕೊಂಡು ಒಳಗೆ ತೇವ ನಿಂತು ಮರ ಕೊಳೆಯುತ್ತೆ. ಕೀಲ್ (ತಳದ ನಡು ತೊಲೆ), ಟ್ರಾನ್ಸಮ್‌ಗೆ (ಹಿಂಬದಿಯ ಅಡ್ಡ ಗೋಡೆ) ದಬ್ಬಳ ಚುಚ್ಚಿ ನೋಡಿ. ಮೆತ್ತಗಿದ್ದರೆ ಆ ತುಂಡು ಬದಲಿಸಲೇಬೇಕು. ಸ್ಕ್ರೂ ಸಿಲಿಕಾನ್ ಬ್ರಾಂಜ್ ಅನ್ನೋ ಕಂಚಿನದೇ ಇರಲಿ. ಹಿತ್ತಾಳೆಯದಾದರೆ ಸತು ಕರಗಿ, ತಿರುಗಿಸುವಾಗಲೇ ಮುರಿಯುತ್ತೆ.

ಉತ್ತರ 3: ಹಲಗೆ ಬಿಚ್ಚೋ ಮುಂಚೆ ಉದ್ದಕ್ಕೂ ಆಸರೆ ಕೊಡಿ, ಇಲ್ಲಾಂದ್ರೆ ಆಕಾರ ಸೊಟ್ಟ. ಆಮೇಲೆ ವಾರ್ನಿಷ್ 10 ಕೋಟ್, ನಡುನಡುವೆ 320 ನಂಬರ್ ಉಪ್ಪುಕಾಗದ.