ರಾತ್ರಿ ಹೊತ್ತು ತರಕಾರಿ ಪಾತಿಗೆ ನುಗ್ಗುವ ಪ್ರಾಣಿಗಳನ್ನು ತಡೆಯುವುದು ಹೇಗೆ?

ಪ್ರಶ್ನೆ:
ನಮ್ಮ ಹಿತ್ತಲಿನ ಪಾತಿಯಲ್ಲಿ ಬೀನ್ಸ್ ಸಸಿಗಳು ನಾಲ್ಕೆಲೆ ಬಿಡುವಷ್ಟರಲ್ಲೇ ಯಾವುದೋ ಪ್ರಾಣಿಯ ಬಾಯಿಗೆ ಹೋಗುತ್ತಿವೆ. ಹಗಲಿನಲ್ಲಿ ಏನೂ ಕಣ್ಣಿಗೆ ಬೀಳುವುದಿಲ್ಲ. ಬೆಳಗಾದರೆ ಸಾಲಿನುದ್ದಕ್ಕೂ ಬರೀ ಮೋಟು ಕಾಂಡಗಳು ನಿಂತಿರುತ್ತವೆ. ಬೆದರುಬೊಂಬೆ ನಿಲ್ಲಿಸಿದ್ದೇನೆ, ಮೆಣಸಿನಪುಡಿ ಕದಡಿದ ನೀರನ್ನೂ ಸಿಂಪಡಿಸಿದ್ದೇನೆ. ಎರಡರಿಂದಲೂ ಕೆಲವು ದಿನಗಳ ಮಟ್ಟಿಗಷ್ಟೇ ನೆಮ್ಮದಿ ಸಿಕ್ಕಿತು. ವಿಷವಿಡದೆ, ಪ್ರಾಣಿಗಳಿಗೆ ಗಾಯವಾಗದಂತೆ ಬೆಳೆ ಉಳಿಸಿಕೊಳ್ಳುವ ಮಾರ್ಗವಿದ್ದರೆ ದಯವಿಟ್ಟು ತಿಳಿಸಿ.

ಉತ್ತರ 1:
ಬೇಲಿಗೆ ಹಣ ಹಾಕುವ ಮೊದಲು ತಿಂದ ಪ್ರಾಣಿ ಯಾವುದೆಂದು ಗೊತ್ತುಮಾಡಿಕೊಳ್ಳಿ; ಒಂದನ್ನು ತಡೆಯುವ ಬೇಲಿ ಇನ್ನೊಂದಕ್ಕೆ ಅಡ್ಡಿಯೇ ಆಗದಿರಬಹುದು. ಉಳಿದ ಮೋಟನ್ನು ಹತ್ತಿರದಿಂದ ನೋಡಿ. ಚಾಕುವಿನಿಂದ ಓರೆಯಾಗಿ ಕೊಯ್ದಂತೆ ನುಣುಪಾಗಿದ್ದರೆ ಬಹುಮಟ್ಟಿಗೆ ಅದು ಮೊಲ. ಜಿಂಕೆಗೆ ಮೇಲ್ದವಡೆಯ ಮುಂಭಾಗದಲ್ಲಿ ಬಾಚಿಹಲ್ಲುಗಳಿಲ್ಲದ ಕಾರಣ, ಅದು ಕುಡಿಯನ್ನು ಕೆಳಹಲ್ಲಿಗೂ ಮೇಲಿನ ಗಟ್ಟಿ ವಸಡಿಗೂ ನಡುವೆ ಹಿಡಿದು ಜಗ್ಗುತ್ತದೆ; ಹಾಗಾಗಿ ಕಾಂಡದ ತುದಿ ಹರಿದು ನಾರುನಾರಾಗಿರುತ್ತದೆ. ಮಣ್ಣು ಉತ್ತಂತೆ ಮಗುಚಿಕೊಂಡಿದ್ದರೆ ಕಾಡುಹಂದಿಯನ್ನು, ಗೆಡ್ಡೆ ತೋಡಿದ ಗುಂಡಿಯ ಬಳಿ ಮುಳ್ಳು ಬಿದ್ದಿದ್ದರೆ ಮುಳ್ಳುಹಂದಿಯನ್ನು ಶಂಕಿಸಬೇಕು.

ಪ್ರಶ್ನೆ ಕೇಳಿದವರು:
ನೋಡಿದೆ. ಎಲ್ಲ ಮೋಟುಗಳೂ ಓರೆಯಾಗಿ, ನುಣುಪಾಗಿ ತುಂಡಾಗಿವೆ. ಸಾಲಿನ ಪಕ್ಕದಲ್ಲಿ ಬಟಾಣಿ ಗಾತ್ರದ ಗುಂಡನೆಯ ಹಿಕ್ಕೆಗಳೂ ಬಿದ್ದಿವೆ. ಹಾಗಾದರೆ ಬೇಲಿ ಎಷ್ಟು ಎತ್ತರವಿರಬೇಕು?

ಉತ್ತರ 2:
ಮೊಲಕ್ಕಾದರೆ ಎತ್ತರಕ್ಕಿಂತ ಬೇಲಿಯ ಬುಡವೇ ಮುಖ್ಯ. ನೆಲದಿಂದ ಮೇಲೆ 90 ಸೆಂ.ಮೀ. ಸಾಕು, ಜಿಂಕೆಯಾಗಿದ್ದರೆ ಸುಮಾರು 2.4 ಮೀಟರ್ ಬೇಕಾಗುತ್ತಿತ್ತು. ಬಲೆಯ ಕಣ್ಣು 2.5 ಸೆಂ.ಮೀ.ಗಿಂತ ದೊಡ್ಡದಿರಬಾರದು, ಏಕೆಂದರೆ ಮರಿಗಳು ನಂಬಲಾಗದಷ್ಟು ಕಿರಿದಾದ ಸಂದಿಯಲ್ಲಿ ನುಸುಳುತ್ತವೆ. ಪ್ಲಾಸ್ಟಿಕ್ ಬಲೆಯನ್ನು ಅವು ಕಡಿದು ಹಾಕುವುದರಿಂದ ಸತುವಿನ ಲೇಪವಿರುವ ತಂತಿಬಲೆಯನ್ನೇ ತನ್ನಿ. ಅದರ ಕೆಳಗಿನ 30 ಸೆಂ.ಮೀ. ಭಾಗವನ್ನು ಪಾತಿಯಿಂದ ಹೊರಮುಖವಾಗಿ ಮಡಿಸಿ, ನೆಲಕ್ಕೆ ಒತ್ತಿ ಗೂಟ ಹೊಡೆದು ಮೇಲೆ ಮಣ್ಣು ಮುಚ್ಚಿ. ಮೊಲವು ಬೇಲಿಯ ಬುಡದಲ್ಲೇ ತೋಡಲು ತೊಡಗುತ್ತದೆಯೇ ಹೊರತು ಒಂದಡಿ ಹಿಂದೆ ಸರಿದು ತೋಡುವುದು ಅಪರೂಪ; ಹೀಗಾಗಿ ಅದರ ಉಗುರಿಗೆ ತಂತಿಯೇ ಸಿಗುತ್ತದೆ. ಗೇಟಿನ ಕೆಳಗಿನ ಸಂದಿಯನ್ನು ಬಹಳ ಜನ ಮರೆಯುತ್ತಾರೆ. ಅಲ್ಲಿ ಒಂದು ಹಲಗೆಯನ್ನು ನೆಲಕ್ಕೆ ಹೂತುಬಿಡಿ.

ಮೆಣಸಿನ ನೀರು ಪೂರ್ತಿ ವ್ಯರ್ಥವೆಂದು ನಾನು ಹೇಳುವುದಿಲ್ಲ. ಸಸ್ತನಿಗಳಿಗೆ ಖಾರ ತಾಗುತ್ತದೆ, ಹಕ್ಕಿಗಳಿಗೆ ತಾಗುವುದಿಲ್ಲ. ಆದರೆ ಮಳೆಗೆ ಅದು ತೊಳೆದುಹೋಗುತ್ತದೆ, ಹೊಸದಾಗಿ ಚಿಗುರಿದ ಎಲೆಯ ಮೇಲೆ ಇರುವುದೇ ಇಲ್ಲ. ಪ್ರಾಣಿಗೆ ಬೇಕಾದದ್ದು ಆ ಚಿಗುರೇ. ಇನ್ನು ಬೆದರುಬೊಂಬೆ ಒಂದೇ ಕಡೆ ನಿಂತರೆ ಯಾವ ಪ್ರಾಣಿಯೂ ಅದಕ್ಕೆ ಬೇಗ ಒಗ್ಗಿಕೊಳ್ಳುತ್ತದೆ.

ಉತ್ತರ 3:
ಮೇಲಿನವರು ಹೇಳಿದ್ದು ಸರಿಯಾಗಿದೆ. ಬೇಲಿ ಮುಗಿಯುವವರೆಗೆ ಎಳೆ ಸಸಿಗಳ ಮೇಲೆ ಬಲೆ ಹೊದಿಸುವುದಾದರೆ ಅದನ್ನು ಬಿಗಿಯಾಗಿ ಎಳೆದು ಕಟ್ಟಿ. ಸಡಿಲ ಬಲೆಯಲ್ಲಿ ಹಾವು, ಹಕ್ಕಿಗಳು ಸಿಕ್ಕಿಕೊಂಡು ನರಳಿ ಸಾಯುತ್ತವೆ. ಸೌತೆ, ಕುಂಬಳದಂಥ ಬಳ್ಳಿಗಳಿಗೂ ಅದನ್ನೇ ಹೊದಿಸಿದ್ದರೆ ಹೂ ಬಿಟ್ಟಾಗ ತೆಗೆಯಬೇಕು, ಇಲ್ಲದಿದ್ದರೆ ಜೇನ್ನೊಣ ಒಳಗೆ ಬರಲಾರದೆ ಕಾಯಿ ಕಚ್ಚುವುದಿಲ್ಲ. ಮನೆಯ ವಿದ್ಯುತ್ತನ್ನು ಬೇಲಿಗೆ ನೇರವಾಗಿ ಹರಿಸಲು ಯಾರಾದರೂ ಸಲಹೆ ಕೊಟ್ಟರೆ ಖಂಡಿತ ಒಪ್ಪಬೇಡಿ. ಅದು ಮನುಷ್ಯರನ್ನೂ ಕೊಲ್ಲುತ್ತದೆ. ಬೇಲಿಯ ಕೊನೆಯ ತುದಿಯನ್ನು ಕಟ್ಟುವ ಮುನ್ನ ಪಾತಿಯೊಳಗಿನ ಪೊದೆ, ಒಣಹುಲ್ಲನ್ನೆಲ್ಲ ಸರಿಸಿ ನೋಡಿ, ಮೊಲ ಒಳಗೇ ಅಡಗಿರುವ ಸಾಧ್ಯತೆ ಇರುತ್ತದೆ.